ಇಂಜಿನ್ ಲೈಟ್ ಹತ್ತಿದೆ, ಸೆನ್ಸಾರ್ ಹೋಗಿದೆ ಅಂದರು: ನಿಜಕ್ಕೂ ಕೆಟ್ಟಿರುವುದು ಏನು?

ಮಳೆ ಹಿಡಿದ ವಾರ ನಮ್ಮ ಬಡಾವಣೆಯ ಗ್ಯಾರೇಜಿನ ಮುಂದೆ ಕಾರುಗಳು ಸಾಲು ನಿಲ್ಲುತ್ತವೆ. ದೂರು ಹೆಚ್ಚೂಕಡಿಮೆ ಒಂದೇ. "ಗಾಡಿ ಮಿಸ್ಸಿಂಗ್ ಹೊಡೀತಿದೆ, ಪಿಕಪ್ ಇಲ್ಲ, ಹಳದಿ ಲೈಟ್ ಬಂದಿದೆ."

ಎರಡು ಮಳೆಗಾಲದ ಹಿಂದೆ ನನ್ನ ಕಾರೂ ಹಾಗೇ ನಿಂತಿತ್ತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಗ್ನಲ್ ಕಾಯುತ್ತಿದ್ದಾಗ ಸ್ಟೀರಿಂಗ್ ನಡುಗಿತು. ಮೀಟರ್ ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ಲೈಟ್ ಮಿಟುಕಿ, ಆಮೇಲೆ ಹಾಗೇ ಹತ್ತಿಕೊಂಡಿತು. ಮಾರನೇ ದಿನ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಎರಡು ಕೋಡ್ ಬಂದವು. ಒಂದು ಪಿ0302, ಇನ್ನೊಂದು ಪಿ0171. "ಆಕ್ಸಿಜನ್ ಸೆನ್ಸಾರ್ ಹೋಗಿದೆ ಸಾರ್" ಅಂದರು. 6,500 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಹತ್ತು ದಿನ ಬಿಸಿಲಿತ್ತು, ಕಾರು ಚೆನ್ನಾಗಿತ್ತು. ಹನ್ನೊಂದನೇ ದಿನ ಮಳೆ ಬಂತು, ಲೈಟೂ ಬಂತು. ಕೊನೆಗೆ ಕೆಟ್ಟಿದ್ದು ಇಗ್ನಿಷನ್ ಕಾಯಿಲ್, ಅಂದರೆ ಕಿಡಿ ಹಾರಲು ಬೇಕಾದ ಜೋರು ವೋಲ್ಟೇಜ್ ಕೊಡುವ ಭಾಗ, ಅಂತ ಗೊತ್ತಾಯಿತು. ಸೆನ್ಸಾರಿಗೆ ಏನೂ ಆಗಿರಲಿಲ್ಲ.

ಹಾಗಾದರೆ ಸೆನ್ಸಾರ್ ಮೇಲೆ ಅನುಮಾನ ಬಂದಿದ್ದು ಯಾಕೆ? ಅದಕ್ಕೆ ಇಂಜಿನ್ ಒಳಗಿನ ಎರಡು ಮೂರು ಸಂಗತಿ ಗೊತ್ತಿರಬೇಕು. ಕಷ್ಟದವೇನಲ್ಲ.

ಇಂಜಿನ್ ಒಳಗಿನ ಸರದಿ ಕೆಲಸ

ಪೆಟ್ರೋಲ್ ಇಂಜಿನ್ನಿನಲ್ಲಿ ಮೂರೋ ನಾಲ್ಕೋ ಸಿಲಿಂಡರ್ ಇರುತ್ತವೆ. ಪ್ರತಿ ಸಿಲಿಂಡರೂ ನಾಲ್ಕು ಹಂತದಲ್ಲಿ ಕೆಲಸ ಮಾಡುತ್ತದೆ. ಗಾಳಿ ಮತ್ತು ಪೆಟ್ರೋಲನ್ನು ಒಳಗೆ ಎಳೆಯುತ್ತದೆ, ಅದನ್ನು ಒತ್ತುತ್ತದೆ, ಕಿಡಿ ಹಾರಿಸಿ ಉರಿಸುತ್ತದೆ, ಹೊಗೆಯನ್ನು ಹೊರಗೆ ತಳ್ಳುತ್ತದೆ. ಉರಿದಾಗ ಬರುವ ತಳ್ಳುವಿಕೆಯಿಂದಲೇ ಚಕ್ರ ತಿರುಗುವುದು.

ಈ ಕೆಲಸ ಸರದಿ ಮೇಲೆ ನಡೆಯುತ್ತದೆ. ಮೊದಲು ಹಳ್ಳಿಮನೆಗಳಲ್ಲಿ ಒಂದೇ ಒರಳಿಗೆ ಮೂರು ಜನ ಒನಕೆ ಹಾಕಿ ಭತ್ತ ಕುಟ್ಟುತ್ತಿದ್ದರಲ್ಲ, ಹಾಗೆ. ಒಬ್ಬರ ಒನಕೆ ಮೇಲೆ ಹೋಗುವಾಗ ಇನ್ನೊಬ್ಬರದು ಕೆಳಗೆ ಬೀಳುತ್ತದೆ. ಕೇಳುವವರಿಗೆ ಅದೊಂದು ತಾಳ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ತಾಳ ಸೆಕೆಂಡಿಗೆ 100 ಏಟು ಬೀಳುತ್ತದೆ.

ಕುಟ್ಟುವ ಮೂವರಲ್ಲಿ ಒಬ್ಬರು ಒಂದು ಏಟು ತಪ್ಪಿಸಿದರೆ ಪಡಸಾಲೆಯಲ್ಲಿ ಕೂತವರಿಗೂ ಗೊತ್ತಾಗುತ್ತದೆ, ಅಲ್ವಾ? ಇಂಜಿನ್ನಿನಲ್ಲಿ ಹಾಗೆ ಒಂದು ಸಿಲಿಂಡರ್ ಉರಿಯದೆ ಹೋಗುವುದಕ್ಕೇ ಮಿಸ್‌ಫೈರ್ ಅನ್ನುವುದು. ಗ್ಯಾರೇಜಿನ ಭಾಷೆಯಲ್ಲಿ ಮಿಸ್ಸಿಂಗ್. ನಮ್ಮ ಕೈಗೆ ಅದು ನಡುಕವಾಗಿ ತಿಳಿಯುತ್ತದೆ, ಕಾಲಿಗೆ ಎಳೆತ ಕಮ್ಮಿಯಾಗಿದ್ದು ತಿಳಿಯುತ್ತದೆ.

ಕಾರಿನ ಕಂಪ್ಯೂಟರ್ ಕೂಡ ತಾಳ ಕೇಳಿಯೇ ಇದನ್ನು ಕಂಡುಹಿಡಿಯುತ್ತದೆ. ಈ ಕಂಪ್ಯೂಟರಿಗೆ ಇಸಿಯು ಅಂತ ಹೆಸರು. ಸಿಲಿಂಡರುಗಳ ತಳ್ಳುವಿಕೆಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಪಕ್ಕ ಒಂದು ಸೆನ್ಸಾರ್ ಇದೆ. ಶಾಫ್ಟ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಅನ್ನುವುದನ್ನು ಅದು ಸುತ್ತಿನ ಉದ್ದಕ್ಕೂ ಅಳೆಯುತ್ತಿರುತ್ತದೆ. ಪ್ರತಿ ಉರಿಗೂ ಶಾಫ್ಟ್ ಚೂರು ಜೋರಾಗಬೇಕು. ಎರಡನೇ ಸಿಲಿಂಡರಿನ ಸರದಿ ಬಂದಾಗ ಜೋರಾಗದೆ ನಿಧಾನವಾದರೆ, ತಪ್ಪಿದ್ದು ಎರಡನೆಯದು ಅಂತ ಲೆಕ್ಕ. ಉರಿಯದ್ದು ಯಾವುದು ಅನ್ನುವುದಷ್ಟೇ ಅದಕ್ಕೆ ಗೊತ್ತು. ಯಾಕೆ ಉರಿಯಲಿಲ್ಲ ಅನ್ನುವುದು ಗೊತ್ತಿಲ್ಲ.

ಆಕ್ಸಿಜನ್ ಸೆನ್ಸಾರ್: ಒಂದೇ ರುಚಿ ತಿಳಿದ ನಾಲಿಗೆ

ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಜಾಸ್ತಿಯಾದರೆ ಲೀನ್, ಪೆಟ್ರೋಲ್ ಜಾಸ್ತಿಯಾದರೆ ರಿಚ್ ಅನ್ನುತ್ತಾರೆ. ಸೌದೆ ಒಲೆ ಉರಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಸೌದೆ ತುಂಬಿ ಗಾಳಿಗೆ ಜಾಗ ಬಿಡದಿದ್ದರೆ ಬರೀ ಹೊಗೆ.

ಈ ಅಳತೆ ಸರಿ ಇದೆಯಾ ಅಂತ ನೋಡಲು ಸೈಲೆನ್ಸರ್ ಪೈಪಿನಲ್ಲಿ, ಇಂಜಿನ್ನಿಗೆ ಹತ್ತಿರ, ಒಂದು ಆಕ್ಸಿಜನ್ ಸೆನ್ಸಾರ್ ಇಟ್ಟಿರುತ್ತಾರೆ. ಜರ್ಮನಿಯ ಬಾಷ್ ಕಂಪನಿ ಮಾಡಿದ ಈ ಸೆನ್ಸಾರ್ 1976ರಲ್ಲಿ ವೋಲ್ವೋ ಕಾರಿನಲ್ಲಿ ಮೊದಲು ಬಂತು. ಒಳಗೆ ಜಿರ್ಕೋನಿಯಾ ಅನ್ನುವ ಪಿಂಗಾಣಿಯಂಥ ವಸ್ತು ಇದೆ. ಅದರ ಒಂದು ಮೈಗೆ ಹೊರಗಿನ ಗಾಳಿ ತಾಗುತ್ತದೆ, ಇನ್ನೊಂದಕ್ಕೆ ಹೊಗೆ. ಎರಡರಲ್ಲಿರುವ ಆಕ್ಸಿಜನ್ನಿನ ವ್ಯತ್ಯಾಸಕ್ಕೆ ತಕ್ಕಂತೆ ಅದು ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಹೊಗೆಯಲ್ಲಿ ಆಕ್ಸಿಜನ್ ಉಳಿದಿದ್ದರೆ ಸುಮಾರು 0.1 ವೋಲ್ಟ್, ಉಳಿದೇ ಇಲ್ಲದಿದ್ದರೆ ಸುಮಾರು 0.9 ವೋಲ್ಟ್. ಇಸಿಯು ಈ ಅಂಕಿ ನೋಡಿ ಪೆಟ್ರೋಲನ್ನು ಚೂರು ಹೆಚ್ಚಿಸುತ್ತದೆ, ಚೂರು ಕಮ್ಮಿ ಮಾಡುತ್ತದೆ. ಹೀಗಾಗಿ ಸರಿ ಇರುವ ಕಾರಿನಲ್ಲಿ ಈ ವೋಲ್ಟೇಜ್ ಕೆಳಗೂ ಮೇಲೂ ತೂಗಾಡುತ್ತಲೇ ಇರುತ್ತದೆ. ಹೊಸ ಕಾರುಗಳಲ್ಲಿ ಕೆಲವಕ್ಕೆ ವೈಡ್‌ಬ್ಯಾಂಡ್ ಅನ್ನುವ ಬೇರೆ ಬಗೆಯ ಸೆನ್ಸಾರ್ ಇದೆ. ಅದರ ಅಂಕಿಗಳು ಬೇರೆ, ಕೆಲಸ ಇದೇ.

ಅಡುಗೆಮನೆಯಲ್ಲಿ ಸಾರಿನ ರುಚಿ ನೋಡುವ ನಾಲಿಗೆಯ ಹಾಗೆ ಅಂದುಕೊಳ್ಳಿ. ಆದರೆ ಈ ನಾಲಿಗೆಗೆ ತಿಳಿಯುವುದು ಉಪ್ಪೊಂದೇ. ಹುಳಿ, ಖಾರ ತಿಳಿಯದು. ಸೆನ್ಸಾರಿಗೂ ಹಾಗೇ, ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನುವುದು ಬಿಟ್ಟರೆ ಬೇರೇನೂ ತಿಳಿಯದು. ಉರಿಯದ ಪೆಟ್ರೋಲ್ ಕಣ್ಣೆದುರೇ ಹಾದುಹೋದರೂ ಅದು ಲೆಕ್ಕಕ್ಕಿಲ್ಲ.

ಮಿಸ್ಸಿಂಗ್ ಆದರೆ ಸೆನ್ಸಾರ್ ದೂರು ಹೇಳುವುದು ಯಾಕೆ?

ಎರಡನೇ ಸಿಲಿಂಡರಿನಲ್ಲಿ ಕಿಡಿ ಹಾರಲಿಲ್ಲ ಅಂತಿಟ್ಟುಕೊಳ್ಳಿ. ಒಳಗೆ ಬಂದ ಗಾಳಿ, ಪೆಟ್ರೋಲ್ ಎರಡೂ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋದವು. ಉರಿಗೆ ಬಳಕೆಯಾಗಬೇಕಿದ್ದ ಆಕ್ಸಿಜನ್ ಪೂರ್ತಿ ಉಳಿದಿದೆ. ಅದನ್ನು ಕಂಡ ಸೆನ್ಸಾರ್ "ಆಕ್ಸಿಜನ್ ಜಾಸ್ತಿ" ಅನ್ನುತ್ತದೆ. ಇಸಿಯು ಅದನ್ನು "ಮಿಶ್ರಣ ಲೀನ್ ಆಗಿದೆ" ಅಂತ ಅರ್ಥ ಮಾಡಿಕೊಂಡು ಪೆಟ್ರೋಲ್ ಹೆಚ್ಚಿಸುತ್ತದೆ. ಎಷ್ಟು ಹೆಚ್ಚಿಸಿದರೂ ಆ ಸಿಲಿಂಡರ್ ಉರಿಯುವುದಿಲ್ಲ, ಆಕ್ಸಿಜನ್ ಉಳಿಯುತ್ತಲೇ ಇರುತ್ತದೆ. ಹೆಚ್ಚಿಸುವ ಮಿತಿ ಮುಟ್ಟಿದಾಗ ಲೀನ್ ಅನ್ನುವ ಕೋಡ್ ಬರೆದಿಡುತ್ತದೆ. ಅದೇ ಪಿ0171.

ನನ್ನ ಕಾರಿನಲ್ಲಿ ಆಗಿದ್ದು ಇದೇ. ಸೆನ್ಸಾರ್ ಕಂಡದ್ದನ್ನೇ ಹೇಳಿತ್ತು. ಸಾರಿಗೆ ಉಪ್ಪು ಜಾಸ್ತಿ ಅಂದ ನಾಲಿಗೆಯನ್ನು ನಾವು ಕಿತ್ತು ಬದಲಾಯಿಸಿದ್ದೆವು.

ಅದಕ್ಕೇ ಮಿಸ್‌ಫೈರ್ ಕೋಡೂ (ನನ್ನ ಕಾರಿನಲ್ಲಿ ಪಿ0302) ಲೀನ್ ಕೋಡೂ ಒಟ್ಟಿಗೆ ಬಂದಾಗ ಮೊದಲು ಮಿಸ್‌ಫೈರ್ ಕಡೆ ನೋಡುವುದು ಒಳ್ಳೆಯದು. ತಿರುಗಾಮುರುಗಾ ಆಗುವುದೂ ಉಂಟು. ಎಲ್ಲೋ ಗಾಳಿ ಸೋರಿ ಮಿಶ್ರಣ ನಿಜವಾಗಿಯೇ ತೆಳುವಾಗಿದ್ದರೆ ಅದು ಉರಿಯದೆ ಮಿಸ್ ಹೊಡೆಯಬಹುದು. ಆದರೆ ಆಗ ಮಿಸ್ ಸಾಮಾನ್ಯವಾಗಿ ಒಂದೇ ಸಿಲಿಂಡರಿಗೆ ಅಂಟಿಕೊಂಡಿರುವುದಿಲ್ಲ, ಎಲ್ಲದರಲ್ಲೂ ಆಗಾಗ ಬರುತ್ತದೆ.

ಕೋಡ್ ಓದುವುದು ಹೇಗೆ?

ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್ನಿನ ಒಂದು ಸಾಕೆಟ್ ಇದೆ. ಕಾರು ತನ್ನ ತೊಂದರೆಯನ್ನು ತಾನೇ ಪತ್ತೆಮಾಡುವ ವ್ಯವಸ್ಥೆಗೆ ಓಬಿಡಿ ಅಂತ ಹೆಸರು, ಸಾಕೆಟ್ಟಿಗೆ ಓಬಿಡಿ ಪೋರ್ಟ್ ಅನ್ನುತ್ತಾರೆ. ನಮ್ಮಲ್ಲಿ ಬಿಎಸ್4 (ಹೊಗೆಯ ಮಿತಿಯ ನಿಯಮ) ಕಾರುಗಳಿಗೆ 2013ರ ಏಪ್ರಿಲ್‌ನಿಂದ ಇದರ ಎರಡನೇ ಹಂತದ ವ್ಯವಸ್ಥೆ ಕಡ್ಡಾಯವಾಯಿತು. ಅದಕ್ಕೆ ಹಾಕುವ ಸಣ್ಣ ಬ್ಲೂಟೂತ್ ಸ್ಕ್ಯಾನರುಗಳು ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತವೆ. ಮೊಬೈಲಿನಲ್ಲಿ ಒಂದು ಆಪ್ ಹಾಕಿಕೊಂಡರೆ ಸಾಕು.

ಪಿ0302ನ್ನೇ ಬಿಡಿಸಿ ನೋಡೋಣ. ಪಿ ಅಂದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ವಿಭಾಗ. ಸೊನ್ನೆ ಅಂದರೆ ಎಲ್ಲ ಕಂಪನಿಗೂ ಒಂದೇ ಅರ್ಥದ ಕೋಡ್. ಅಲ್ಲಿ 1 ಇದ್ದರೆ ಆ ಕಂಪನಿಯದೇ ಸ್ವಂತ ಕೋಡ್. ಮುಂದಿನ 3 ಅಂದರೆ ಕಿಡಿ ಮತ್ತು ಮಿಸ್‌ಫೈರ್ ವಿಷಯ. ಕೊನೆಯ 02 ಎರಡನೇ ಸಿಲಿಂಡರ್. ಬಹುಪಾಲು ಕಾರುಗಳಲ್ಲಿ ಬೆಲ್ಟ್ ಇರುವ ಕಡೆಯಿಂದ ಸಿಲಿಂಡರ್ ಎಣಿಸುತ್ತಾರೆ. ಗೇರ್‌ಬಾಕ್ಸ್ ಕಡೆಯಿಂದ ಎಣಿಸುವ ಕಂಪನಿಗಳೂ ಇವೆ, ಆದ್ದರಿಂದ ಮ್ಯಾನ್ಯುಯಲ್ ನೋಡಿ. ಪಿ0300 ಬಂದರೆ ಮಿಸ್ಸಿಂಗ್ ಒಂದೇ ಕಡೆ ಇಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ಆಗುತ್ತಿದೆ.

ಆಕ್ಸಿಜನ್ ಸೆನ್ಸಾರಿನವು ಹೆಚ್ಚಾಗಿ ಪಿ0130ರಿಂದ ಪಿ0141ರ ನಡುವೆ ಬರುತ್ತವೆ. ಕೋಡಿನ ಜೊತೆ ಬ್ಯಾಂಕ್ 1, ಸೆನ್ಸಾರ್ 1 ಅಂತ ಇರುತ್ತದೆ. ಬ್ಯಾಂಕ್ ಅಂದರೆ ಸಿಲಿಂಡರುಗಳ ಸಾಲು. ನಮ್ಮ ಮೂರು, ನಾಲ್ಕು ಸಿಲಿಂಡರಿನ ಕಾರುಗಳಲ್ಲಿ ಸಾಮಾನ್ಯವಾಗಿ ಬ್ಯಾಂಕ್ ಒಂದೇ. ಸೆನ್ಸಾರ್ 1 ಅಂದರೆ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಇರುವುದು, ಸೆನ್ಸಾರ್ 2 ಅದರ ಆಚೆ ಇರುವುದು. ಮೊದಲನೆಯದು ಪೆಟ್ರೋಲ್ ಅಳತೆಗೆ, ಎರಡನೆಯದು ಮುಖ್ಯವಾಗಿ ಕನ್ವರ್ಟರ್ ಕೆಲಸ ಮಾಡುತ್ತಿದೆಯಾ ಅಂತ ಕಾಯುವುದಕ್ಕೆ.

ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ಇರುತ್ತದೆ. ದಯವಿಟ್ಟು ಅದನ್ನು ಮರೆಯಬೇಡಿ. ತೊಂದರೆ ಕಂಡ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸುತ್ತು ತಿರುಗುತ್ತಿತ್ತು, ಕಾರು ಯಾವ ವೇಗದಲ್ಲಿತ್ತು ಅನ್ನುವುದೆಲ್ಲ ಅದರಲ್ಲಿ ಫೋಟೋ ಹಿಡಿದಂತೆ ಉಳಿದಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಲೈಟ್ ಹೋಗಲಿ ಅಂತ ಬ್ಯಾಟರಿ ವೈರ್ ಬಿಚ್ಚಿದರೂ ಹೋಗಬಹುದು. ಅಳಿಸುವ ಮುಂಚೆ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಮಿಟುಕುವ ಲೈಟಿಗೆ ಬೇರೆಯೇ ಅರ್ಥ

ಲೈಟ್ ಸುಮ್ನೆ ಹತ್ತಿಕೊಂಡಿದ್ದು ಕಾರು ಎಂದಿನಂತೆ ಓಡುತ್ತಿದ್ದರೆ ಒಂದೆರಡು ದಿನದಲ್ಲಿ ತೋರಿಸಬಹುದು. ಮಿಟುಕುತ್ತಿದ್ದರೆ ಹಾಗಲ್ಲ. ಕನ್ವರ್ಟರನ್ನೇ ಹಾಳುಮಾಡುವಷ್ಟು ಮಿಸ್‌ಫೈರ್ ಈಗಲೇ ಆಗುತ್ತಿದೆ ಅಂತ ಅರ್ಥ.

ಕನ್ವರ್ಟರ್ ಅಂದರೆ ಜೇನುಗೂಡಿನಂಥ ತೂತುಗಳಿರುವ ಪಿಂಗಾಣಿ ಗಟ್ಟಿ. ಅದಕ್ಕೆ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಲೋಹಗಳ ತೆಳು ಲೇಪನ ಇರುತ್ತದೆ. ವಿಷದ ಹೊಗೆ ಅಲ್ಲಿ ಹಾದು ಹೋಗುವಾಗ ಕಮ್ಮಿ ಅಪಾಯದ್ದಾಗುತ್ತದೆ. ಉರಿಯದ ಪೆಟ್ರೋಲ್ ಅಲ್ಲಿಗೆ ಬಂದರೆ ಸಿಲಿಂಡರಿನಲ್ಲಿ ಆಗಬೇಕಿದ್ದ ಉರಿ ಕನ್ವರ್ಟರ್ ಒಳಗೆ ಆಗುತ್ತದೆ. ಶಾಖ ಮಿತಿಮೀರಿ ಗೂಡು ಕರಗಬಹುದು, ಹೊಗೆಯ ದಾರಿ ಮುಚ್ಚಿಹೋಗಬಹುದು. ಕಾಯಿಲ್, ಕಿಡಿ ಹಾರಿಸುವ ಪ್ಲಗ್ಗಿಗೆ ಹೋಲಿಸಿದರೆ ಇದು ಎಷ್ಟೋ ಪಟ್ಟು ದುಬಾರಿ ವಸ್ತು. ಔಟರ್ ರಿಂಗ್ ರೋಡಿನಲ್ಲೋ ಫ್ಲೈಓವರ್ ಮೇಲೋ ಇದ್ದರೆ ಆಕ್ಸಿಲರೇಟರ್ ಮೇಲಿನ ಒತ್ತಡ ಕಮ್ಮಿ ಮಾಡಿ, ನಿಲ್ಲಿಸಲು ಜಾಗ ಸಿಕ್ಕ ತಕ್ಷಣ ಪಕ್ಕಕ್ಕೆ ಹಾಕಿ. ಇನ್ನೂ ಮಿಟುಕುತ್ತಿದ್ದರೆ ಎಳೆಸಿಕೊಂಡು ಹೋಗುವುದೇ ಲಾಭ.

ಕಾರಣ ಹುಡುಕುವ ದಾರಿ

ಉರಿಯಲು ಮೂರು ಬೇಕು. ಕಿಡಿ, ಸರಿಯಾದ ಅಳತೆಯ ಮಿಶ್ರಣ, ಚೆನ್ನಾಗಿ ಒತ್ತುವ ಸಿಲಿಂಡರ್. ಸುಲಭದಿಂದ ಶುರುಮಾಡಿದರೆ ಖರ್ಚು ಕಮ್ಮಿ.

ಕಿಡಿ ಪರೀಕ್ಷೆಗೆ ಒಂದು ಚಂದದ ಉಪಾಯ ಇದೆ. ಈಗಿನ ಬಹಳಷ್ಟು ಕಾರುಗಳಲ್ಲಿ ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ. ಪಿ0302 ಬಂದಿದ್ದರೆ, ಇಂಜಿನ್ ಆರಿಸಿ ತಣ್ಣಗಾದ ಮೇಲೆ, ಎರಡನೆಯದರ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕುವುದು. ಕೋಡ್ ಅಳಿಸಿ ಓಡಿಸುವುದು. ಈಗ ಪಿ0303 ಬಂತಾ? ಕಾಯಿಲ್ ಜೊತೆ ರೋಗವೂ ಹೋಯಿತು, ಹಾಗಾಗಿ ಕಾಯಿಲೇ ಕೆಟ್ಟಿದೆ. ಮತ್ತೆ ಪಿ0302ನೇ ಬಂತಾ? ಕಾಯಿಲ್ ಸರಿ ಇದೆ, ಮುಂದೆ ಪ್ಲಗ್ ಅದಲುಬದಲು ಮಾಡಿ ನೋಡಿ. ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್. ಹೊಸ ಸಾಮಾನು ಕೊಳ್ಳುವ ಮುಂಚೆಯೇ ಉತ್ತರ ಸಿಗುತ್ತದೆ. ನನ್ನ ಕಾರಿಗೆ ಎರಡನೇ ಸಲ ನೋಡಿದ ಮೆಕ್ಯಾನಿಕ್ ಮಾಡಿದ್ದು ಇಷ್ಟೇ. ಅರ್ಧ ಗಂಟೆಯ ಕೆಲಸ. ಕಾಯಿಲಿನ ರಬ್ಬರ್ ಕೊಳವೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕಿತ್ತು. ಒಣ ಹವೆಯಲ್ಲಿ ಕಿಡಿ ಪ್ಲಗ್ಗಿಗೇ ಹೋಗುತ್ತಿತ್ತು. ತೇವ ಇದ್ದಾಗ ಬಿರುಕಿನಿಂದ ಹೊರಗೆ ಇಂಜಿನ್ ಮೈಗೆ ಹಾರುತ್ತಿತ್ತು. ಬಿಸಿಲಿನ ಹತ್ತು ದಿನ ಕಾರು ಚೆನ್ನಾಗಿದ್ದ ಗುಟ್ಟು ಅದು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಕಾಯಿಲ್ ತಂದು ಹಾಕಿದೆವು.

ಕಾಯಿಲಿಗೆ ನೀರು ಎಲ್ಲಿಂದ ಬರುತ್ತದೆ? ನಮ್ಮ ಊರಿನಲ್ಲಿ ಇದಕ್ಕೊಂದು ಉತ್ತರ ರಸ್ತೆಬದಿಯ ಮರಗಳಲ್ಲಿದೆ. ಹೊಂಗೆ ಮರದ ಕೆಳಗೆ ನಿಲ್ಲಿಸಿದ ಕಾರಿನ ವೈಪರ್ ಬುಡದಲ್ಲಿ ಎಲೆ, ಹೂವು ತುಂಬಿಕೊಳ್ಳುತ್ತದೆ. ಅಲ್ಲಿ ನೀರು ಹರಿದುಹೋಗುವ ತೂತುಗಳಿವೆ. ಅವು ಕಟ್ಟಿಕೊಂಡರೆ ಕೆಲವು ಕಾರುಗಳಲ್ಲಿ ನೀರು ಇಂಜಿನ್ ಮೇಲೆ ತೊಟ್ಟಿಕ್ಕುತ್ತದೆ. ಪ್ಲಗ್ ಕೂತಿರುವ ಗುಳಿಯಲ್ಲಿ ನಿಲ್ಲುತ್ತದೆ. ಮಳೆಗಾಲಕ್ಕೆ ಮುಂಚೆ ಕೈಯಲ್ಲಿ ಕಸ ತೆಗೆದರೆ ಮುಗಿಯಿತು. ಇಂಜಿನ್ನಿಗೆ ಜೋರು ನೀರು ಹೊಡೆಸಿ ತೊಳೆಸಿದಾಗಲೂ ಇದೇ ಆಗುತ್ತದೆ.

ಇನ್ನೊಂದು ಇಲಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಂತ ಕಾರಿನ ವೈರ್ ಕಡಿದುಹಾಕುತ್ತವೆ. ಇಂಜೆಕ್ಟರಿನದೋ ಸೆನ್ಸಾರಿನದೋ ವೈರ್ ಹರಿದರೂ ಸ್ಕ್ಯಾನರಿನಲ್ಲಿ ಆ ಭಾಗದ ಹೆಸರೇ ಬರುತ್ತದೆ. ಹತ್ತು ನಿಮಿಷ ಟಾರ್ಚ್ ಹಿಡಿದು ವೈರ್ ಉದ್ದಕ್ಕೂ ನೋಡಿದರೆ ಸಾವಿರಾರು ರೂಪಾಯಿ ಉಳಿದೀತು.

ಸಿಎನ್‌ಜಿ ಗಾಡಿ ಇರುವವರಿಗೆ ಒಂದು ಸುಳಿವು. ಗ್ಯಾಸಿಗೆ ಕಿಡಿ ಹತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪೆಟ್ರೋಲಿನಲ್ಲಿ ಚೆನ್ನಾಗಿ ಓಡುವ ಗಾಡಿ ಗ್ಯಾಸಿನಲ್ಲಿ ಮಾತ್ರ ಮಿಸ್ ಹೊಡೆದರೆ ಪ್ಲಗ್ ಸವೆದಿರಬಹುದು, ಕಾಯಿಲ್ ದುರ್ಬಲವಾಗಿರಬಹುದು. ಮೊದಲು ಅದನ್ನೇ ನೋಡಿಸಿ.

ಕಿಡಿ ಸರಿ ಇದ್ದರೆ ಮಿಶ್ರಣ ನೋಡಬೇಕು. ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ಅನ್ನುವ ಅಂಕಿ ಸಿಗುತ್ತದೆ. ಮೊದಲೇ ಗೊತ್ತುಮಾಡಿದ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಮ್ಮಿ ಹಾಕಬೇಕಾಯಿತು ಅನ್ನುವುದು ಅದು. ಪ್ಲಸ್ ಅಂದರೆ ಹೆಚ್ಚಿಸಿದೆ, ಮೈನಸ್ ಅಂದರೆ ಇಳಿಸಿದೆ. ಸೊನ್ನೆಯ ಆಚೀಚೆ ಹತ್ತರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ನೆ ಓಡುವಾಗ) ಪ್ಲಸ್ 20 ಇದ್ದು, 2500 ಸುತ್ತಿಗೆ ಏರಿಸಿದಾಗ ಇಳಿದರೆ ಇಂಜಿನ್ನಿನ ಗಾಳಿದಾರಿಯಲ್ಲಿ ಎಲ್ಲೋ ರಬ್ಬರ್ ಪೈಪ್ ಬಿರುಕು ಬಿಟ್ಟಿದೆ ಅಂತ ಅನುಮಾನಿಸಬಹುದು. ಕಳ್ಳಗಾಳಿ ಒಂದೇ ಪ್ರಮಾಣದಲ್ಲಿ ನುಗ್ಗುತ್ತಿದ್ದರೂ, ಇಂಜಿನ್ ಜಾಸ್ತಿ ಗಾಳಿ ಎಳೆಯುವಾಗ ಅದರ ಪಾಲು ಚಿಕ್ಕದಾಗುತ್ತದೆ. ಅದಕ್ಕೆ ಅಂಕಿ ಇಳಿಯುವುದು. ಇದಕ್ಕೆ ಉಲ್ಟಾ, ಏರು ಹತ್ತುವಾಗಲೇ ಪ್ಲಸ್ ಜಾಸ್ತಿಯಾದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಕಡೆ ಕೈ ತೋರಿಸುತ್ತದೆ.

ಎಮಿಷನ್ ಟೆಸ್ಟಿನ ಚೀಟಿಯಲ್ಲೂ ಸುಳಿವಿದೆ. ಕಾರ್ಬನ್ ಮಾನಾಕ್ಸೈಡ್ ಮಿತಿಯಲ್ಲಿದ್ದು ಹೈಡ್ರೋಕಾರ್ಬನ್ ಒಂದೇ ಏರಿದ್ದರೆ ಪೆಟ್ರೋಲ್ ಉರಿಯದೆ ಹೊರಗೆ ಬರುತ್ತಿದೆ. ಮಿಸ್‌ಫೈರಿನ ಗುರುತು ಅದು.

ಕಿಡಿ, ಇಂಜೆಕ್ಟರ್ ಎರಡೂ ಸರಿ ಇದ್ದು ಒಂದೇ ಸಿಲಿಂಡರ್ ಸತಾಯಿಸಿದರೆ ಕಂಪ್ರೆಷನ್, ಅಂದರೆ ಅದು ಎಷ್ಟು ಚೆನ್ನಾಗಿ ಒತ್ತುತ್ತಿದೆ ಅನ್ನುವುದನ್ನು ಅಳೆಸಿ. ವಾಲ್ವ್ ಅಥವಾ ರಿಂಗ್ ಸವೆದಿರಬಹುದು. ಇದು ಗ್ಯಾರೇಜಿನವರ ಕೆಲಸವೇ.

ಸೆನ್ಸಾರೇ ಕೆಟ್ಟಿರುವುದು ಯಾವಾಗ?

ಜ್ವರ ಬಂದ ನಾಲಿಗೆಗೆ ಎಲ್ಲವೂ ಕಹಿ. ಸೆನ್ಸಾರೂ ಹಾಗೆ ಕೆಡುತ್ತದೆ. ಅದು ಕೆಲಸ ಮಾಡಲು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಬೇಕು. ಬೇಗ ಬಿಸಿಯಾಗಲಿ ಅಂತ ಒಳಗೊಂದು ಹೀಟರ್ ಇದೆ. ಪಿ0135 ಮುಂದಿನ ಸೆನ್ಸಾರಿನ ಹೀಟರಿನದು, ಪಿ0141 ಹಿಂದಿನದರದು. ಇವು ಬಂದಾಗ ಫ್ಯೂಸ್, ವೈರ್ ನೋಡಿದ ಮೇಲೆ ಸೆನ್ಸಾರ್ ಬದಲಿಸುವುದು ನ್ಯಾಯವೇ. ಪಿ0133 ಅಂದರೆ ಸೆನ್ಸಾರ್ ನಿಧಾನವಾಗಿದೆ, ಪಿ0134 ಅಂದರೆ ಅದರ ವೋಲ್ಟೇಜ್ ಅಲುಗಾಡುತ್ತಲೇ ಇಲ್ಲ. ಇಂಜಿನ್ ಆಯಿಲ್ ಸುಡುವ ಕಾರು, ಕೂಲೆಂಟ್ ಸೋರಿ ಸಿಲಿಂಡರಿಗೆ ಹೋಗುವ ಕಾರು, ಎಲ್ಲೆಂದರಲ್ಲಿ ಸಿಲಿಕಾನ್ ಅಂಟು ಬಳಿದ ಇಂಜಿನ್, ಇವುಗಳಲ್ಲಿ ಸೆನ್ಸಾರ್ ಬೇಗ ಸಾಯುತ್ತದೆ. ಮೂಲ ಸರಿಮಾಡದೆ ಹೊಸದು ಹಾಕಿದರೆ ಅದೂ ಸಾಯುತ್ತದೆ.

ಸೆನ್ಸಾರಿಗಿಂತ ಮುಂಚೆ ಸೈಲೆನ್ಸರ್ ಪೈಪ್ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸುಳ್ಳು ಲೀನ್ ತೋರಿಸುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂಭಾಗದಿಂದ ಟಕ್ ಟಕ್ ಸದ್ದು ಬರುತ್ತಿದೆಯಾ ಕೇಳಿ.

ಪಿ0420 ಬಂದರೆ ಕನ್ವರ್ಟರಿನ ಶಕ್ತಿ ಕಮ್ಮಿ ಅಂತ ಅರ್ಥ. ಹಿಂದಿನ ಸೆನ್ಸಾರಿನ ವೋಲ್ಟೇಜ್ ಹೆಚ್ಚು ಅಲುಗದೆ ನಿಂತಿರಬೇಕು. ಮುಂದಿನದರ ಹಾಗೆ ತೂಗಾಡಿದರೆ ಈ ಕೋಡ್ ಬರುತ್ತದೆ. ಮಿಸ್ಸಿಂಗ್ ಇರುವಾಗಲೇ ಇದನ್ನು ನಂಬಿ ಕನ್ವರ್ಟರ್ ಬದಲಿಸಬೇಡಿ.

ಇ20 ಪೆಟ್ರೋಲಿಗೂ ಇದಕ್ಕೂ ಏನು ಸಂಬಂಧ?

ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲಿನ ಅಣುವಿನಲ್ಲೇ ಆಕ್ಸಿಜನ್ ಇದೆ. ಒಂದು ಕಿಲೋ ಎಥೆನಾಲ್ ಉರಿಯಲು ಸುಮಾರು 9 ಕಿಲೋ ಗಾಳಿ ಸಾಕು. ಹಾಗಾಗಿ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಇದಕ್ಕೆಂದೇ ಹೊಂದಿಸದ ಹಳೆಯ ಕಾರಿನಲ್ಲಿ ಫ್ಯೂಯಲ್ ಟ್ರಿಮ್ ಚೂರು ಪ್ಲಸ್ ಕಡೆ ಸರಿಯುವುದು ಸಹಜ. ಇಸಿಯು ಸೆನ್ಸಾರ್ ನೋಡಿ ಸರಿಹೊಂದಿಸಿಕೊಳ್ಳುತ್ತದೆ. ಆದರೆ ಮೊದಲೇ ಇಂಜೆಕ್ಟರ್ ಅರ್ಧ ಕಟ್ಟಿದ್ದರೆ, ಎಲ್ಲೋ ಗಾಳಿ ಸೋರುತ್ತಿದ್ದರೆ, ಈ ಚೂರು ಸೇರಿ ಮಿತಿ ದಾಟಬಹುದು. ಎಥೆನಾಲ್ ನೀರನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು, ಒಳಗೆ ತೇವದ ಗಾಳಿಗೆ ಜಾಗ ಕಮ್ಮಿಯಾಗುತ್ತದೆ.

ರಿಪೇರಿ ಆದ ಮೇಲೆ

ಕೋಡ್ ಅಳಿಸಿದ ತಕ್ಷಣ ಲೈಟ್ ಹೋಗುತ್ತದೆ. ಅದು ವಾಸಿಯಾದ ಗುರುತಲ್ಲ. ಬಹುತೇಕ ಕೋಡುಗಳು ಎರಡು ಓಟಗಳಲ್ಲಿ ತೊಂದರೆ ಕಂಡರೆ ಮಾತ್ರ ಲೈಟ್ ಹತ್ತಿಸುತ್ತವೆ. ಹಾಗಾಗಿ ಗ್ಯಾರೇಜಿನಿಂದ ಮನೆಗೆ ಬರುವಷ್ಟರಲ್ಲಿ ಏನೂ ಗೊತ್ತಾಗುವುದಿಲ್ಲ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಸಿಗ್ನಲ್ಲುಗಳಲ್ಲಿ ನಿಂತು, ಆಮೇಲೆ ತುಮಕೂರು ರಸ್ತೆಯಂಥ ಕಡೆ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಇಂಥ ಎರಡು ಮೂರು ಓಟ ಆದ ಮೇಲೆ ಸ್ಕ್ಯಾನರ್ ಹಾಕಿ, ಲೈಟ್ ಇನ್ನೂ ಹತ್ತಿಸದ ಬಾಕಿ (ಪೆಂಡಿಂಗ್) ಕೋಡ್ ಏನಾದರೂ ಕಾಯುತ್ತಿದೆಯಾ ನೋಡಿ.

ನಾನು ನೋಡಿದ್ದು ಟ್ರಿಮ್ ಅಂಕಿ. ಕಾಯಿಲ್ ಹಾಕಿಸುವ ಮುಂಚೆ ಪ್ಲಸ್ 22 ಇತ್ತು. ಮೊದಲ ದಿನ 11ಕ್ಕೆ ಬಂತು. ವಾರ ಕಳೆಯುವಷ್ಟರಲ್ಲಿ 3. ಆ ವಾರ ಮೂರು ಸಂಜೆ ಜೋರು ಮಳೆ ಬಂದಿತ್ತು, ಸಿಲ್ಕ್ ಬೋರ್ಡಿನಲ್ಲಿ ನಲವತ್ತು ನಿಮಿಷ ನಿಂತಿದ್ದೆ. ಸ್ಟೀರಿಂಗ್ ನಡುಗಲಿಲ್ಲ.